ಡಿಸ್ಟ್ರಿಬ್ಯೂಟರ್ ಮರುಜೋಡಣೆ ಮತ್ತು ಇಗ್ನಿಷನ್ ಟೈಮಿಂಗ್

ಡಿಸ್ಟ್ರಿಬ್ಯೂಟರ್ ಎಂಬುದು ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಗ್ನಿಷನ್ ಕಾಯಿಲ್‌ನಿಂದ ಬರುವ ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಸರದಿಯಂತೆ ಪ್ರತಿಯೊಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್‌ಗೆ ಹಂಚುವ ಸಾಧನ. ಕಿಡಿ ಯಾವ ಕ್ಷಣದಲ್ಲಿ ಹೊಮ್ಮಬೇಕೆಂಬುದನ್ನು ನಿರ್ಧರಿಸುವುದೂ ಇದೇ. ದುರಸ್ತಿಗೆಂದು ಬಿಚ್ಚಿದ ಡಿಸ್ಟ್ರಿಬ್ಯೂಟರನ್ನು ಮತ್ತೆ ಕೂರಿಸಿದಾಗ ಆ ಕ್ಷಣವನ್ನು ಹೊಸದಾಗಿ ನಿಗದಿಪಡಿಸಬೇಕಾಗುತ್ತದೆ. ಇದನ್ನು ಇಗ್ನಿಷನ್ ಟೈಮಿಂಗ್ ಹೊಂದಿಸುವುದು ಎನ್ನುತ್ತಾರೆ. ಇಲ್ಲಿನ ವಿವರಣೆಯು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ನಾಲ್ಕು ಸಿಲಿಂಡರಿನ ಬಿ-ಸರಣಿ ಎಂಜಿನ್ನಿಗೆ ಸಂಬಂಧಿಸಿದೆ. ಮೋರಿಸ್ ಆಕ್ಸ್‌ಫರ್ಡ್ ಮತ್ತು ಎಂಜಿಬಿ ಕಾರುಗಳಲ್ಲಿ ಬಳಕೆಯಾದ ಈ ಸರಣಿಯ 1489 ಸಿಸಿ ಎಂಜಿನ್ನೇ ಭಾರತದ ಹಿಂದೂಸ್ಥಾನ್ ಅಂಬಾಸಿಡರ್ ಕಾರನ್ನು ದಶಕಗಳ ಕಾಲ ಓಡಿಸಿತು.

ಟೈಮಿಂಗ್‌ನ ಮಹತ್ವ

ಸಿಲಿಂಡರಿನೊಳಗಿನ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಲೇ ಉರಿದುಹೋಗುವುದಿಲ್ಲ. ಜ್ವಾಲೆ ಹರಡಲು ಸ್ವಲ್ಪ ಕಾಲ ಬೇಕು. ಆದ್ದರಿಂದ ಪಿಸ್ಟನ್ ತನ್ನ ಅತ್ಯುನ್ನತ ಸ್ಥಾನವನ್ನು ಮುಟ್ಟುವ ಮೊದಲೇ ಕಿಡಿ ಹೊತ್ತಬೇಕು. ಇದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಅಳೆಯುತ್ತಾರೆ. ನಿಮಿಷಕ್ಕೆ 3000 ಸುತ್ತು ತಿರುಗುವ ಕ್ರ್ಯಾಂಕ್‌ಶಾಫ್ಟ್ ಒಂದು ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ಕ್ರಮಿಸುತ್ತದೆ ಎಂಬುದನ್ನು ಗಮನಿಸಿದರೆ ಕಾಲದ ಅಳತೆ ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ.

ಕಿಡಿ ತಡವಾದರೆ ಎಂಜಿನ್ನಿನ ಶಕ್ತಿ ಕುಂದಿ, ಇಂಧನ ಹೆಚ್ಚು ಖರ್ಚಾಗಿ, ಉರಿಯುತ್ತಿರುವ ಅನಿಲವೇ ಹೊರಬಂದು ಎಕ್ಸಾಸ್ಟ್ ವಾಲ್ವ್‌ಗಳು ಅತಿಯಾಗಿ ಕಾಯುತ್ತವೆ. ಬೇಗನಾದರೆ ಏರುಹಾದಿಯಲ್ಲಿ ಟಣಟಣ ಎಂಬ ಲೋಹದ ಸದ್ದು ಕೇಳಿಸುತ್ತದೆ. ಅದನ್ನು ಅಲಕ್ಷಿಸಿದರೆ ಪಿಸ್ಟನ್‌ಗೆ ಹಾನಿಯಾಗುತ್ತದೆ. ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಕಾರುಗಳಲ್ಲಿ ಇನ್ನೊಂದು ಅಪಾಯವಿದೆ. ಕಿಡಿ ತೀರ ಬೇಗ ಹೊತ್ತಿದರೆ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಟ್ಟು ಹ್ಯಾಂಡಲ್ ವಿರುದ್ಧ ದಿಕ್ಕಿಗೆ ಒದೆಯುತ್ತದೆ. ಇದರಿಂದ ಮಣಿಕಟ್ಟು ಮುರಿಯಬಹುದಾದ್ದರಿಂದಲೇ ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳನ್ನು ಅದರ ಸುತ್ತ ಬಿಗಿಯದೆ ಉಳಿದ ಬೆರಳುಗಳ ಬದಿಯಲ್ಲೇ ಇಡಬೇಕೆಂಬ ಹಳೆಯ ರೂಢಿ ಬಂದಿತು.

ಕಾರ್ಯವಿಧಾನ

ಡಿಸ್ಟ್ರಿಬ್ಯೂಟರಿನ ನಡುವಿನ ದಂಡವು ಕ್ಯಾಮ್‌ಶಾಫ್ಟ್‌ನಿಂದ ಚಾಲನೆ ಪಡೆದು ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಹೀಗಾಗಿ ಡಿಸ್ಟ್ರಿಬ್ಯೂಟರಿನಲ್ಲಿ ಆದ ಒಂದು ಡಿಗ್ರಿಯ ತಪ್ಪು ಕ್ರ್ಯಾಂಕ್‌ಶಾಫ್ಟ್‌ನ ಲೆಕ್ಕದಲ್ಲಿ ಎರಡು ಡಿಗ್ರಿಯಾಗುತ್ತದೆ. ದಂಡದ ಮೇಲಿನ ನಾಲ್ಕು ಮೂಲೆಯ ಕ್ಯಾಮ್ ಪಾಯಿಂಟ್‌ಗಳನ್ನು ತೆರೆಯುತ್ತದೆ. ಪಾಯಿಂಟ್‌ಗಳು ಮುಚ್ಚಿದಾಗಲ್ಲ, ತೆರೆದಾಗ ಕಾಯಿಲ್‌ನಲ್ಲಿ ಕಿಡಿಯ ವೋಲ್ಟೇಜ್ ಹುಟ್ಟುತ್ತದೆ. ಮುಂದಿನ ಕೆಲಸವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಪಾಯಿಂಟ್‌ಗಳ ಅಂತರ ಹೆಚ್ಚಿದರೆ ಅವು ಬೇಗ ತೆರೆಯುತ್ತವೆ, ಕಡಿಮೆಯಾದರೆ ತಡವಾಗಿ ತೆರೆಯುತ್ತವೆ. ಆದ್ದರಿಂದ ಟೈಮಿಂಗ್‌ಗೆ ಕೈಹಾಕುವ ಮೊದಲು ಫೀಲರ್ ಗೇಜ್ ಬಳಸಿ ಅಂತರವನ್ನು ಸರಿಪಡಿಸಲೇಬೇಕು. ಲೂಕಾಸ್ 25ಡಿ4 ಮಾದರಿಯಲ್ಲಿ ಇದು 0.35ರಿಂದ 0.40 ಮಿಲಿಮೀಟರ್. ಟೈಮಿಂಗ್ ಹೊಂದಿಸಿದ ಮೇಲೆ ಅಂತರವನ್ನು ತಿದ್ದಿದರೆ ಮೊದಲಿನ ಶ್ರಮವೆಲ್ಲ ವ್ಯರ್ಥ.

ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರಲು ಒಳಗೆ ಸ್ಪ್ರಿಂಗ್ ಕಟ್ಟಿದ ಎರಡು ತೂಕಗಳೂ, ಹಗುರ ಹೊರೆಯಲ್ಲಿ ಅದೇ ಕೆಲಸ ಮಾಡಲು ಹೊರಗೆ ನಿರ್ವಾತ ಘಟಕವೂ ಇರುತ್ತವೆ.

ಮರುಜೋಡಣೆ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಪ್ರತಿ ಚಕ್ರದಲ್ಲೂ ಎರಡು ಬಾರಿ ತುತ್ತತುದಿಗೆ ಬರುತ್ತದೆ. ಕಿಡಿ ಬೇಕಾಗಿರುವುದು ಸಂಕೋಚನದ ಕೊನೆಯಲ್ಲಿ ಮಾತ್ರ. ರೇಡಿಯೇಟರ್ ಬದಿಯ ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ ರಂಧ್ರಕ್ಕೆ ಬೆರಳನ್ನೊತ್ತಿ ಎಂಜಿನ್ನನ್ನು ತಿರುಗಿಸಿದರೆ ಗಾಳಿಯ ಒತ್ತಡದಿಂದ ಇದು ಗೊತ್ತಾಗುತ್ತದೆ. ಅದೇ ಹೊತ್ತಿಗೆ ನಾಲ್ಕನೆಯ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತಿದ್ದು ಇನ್ನೊಂದು ತೆರೆಯತೊಡಗಿರುತ್ತದೆ.

ಬಿ-ಸರಣಿಯಲ್ಲಿ ಡಿಸ್ಟ್ರಿಬ್ಯೂಟರಿನ ಬುಡದಲ್ಲಿರುವ ಹಲ್ಲು ನಡುಮಧ್ಯದಲ್ಲಿರದೆ ಒಂದು ಬದಿಗೆ ಸರಿದಿದೆ. ಕೆಳಗಿನ ಚಾಲಕ ದಂಡದ ಗಾಡಿಯೂ ಹಾಗೆಯೇ. ಆದ್ದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಬಲವಂತವಾಗಿ ಒತ್ತುವ ಬದಲು ರೋಟರನ್ನು ಮೆಲ್ಲಗೆ ತಿರುಗಿಸಿದರೆ ಹಲ್ಲು ತಾನೇ ಗಾಡಿಗೆ ಇಳಿಯುತ್ತದೆ. ಚಾಲಕ ದಂಡವನ್ನೂ ಹೊರತೆಗೆದಿದ್ದರೆ ಮಾತ್ರ ತೊಡಕು. ಅದರ ಹಲ್ಲುಗಳು ಓರೆಯಾಗಿರುವುದರಿಂದ ಒಳಗಿಳಿಯುವಾಗ ದಂಡ ಸುತ್ತಿಕೊಳ್ಳುತ್ತದೆ. ಆ ಸುತ್ತನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ರೋಟರ್ ತಪ್ಪು ಕಡೆಗೆ ಮುಖಮಾಡಿ, ಟೈಮಿಂಗ್ ಎಷ್ಟು ತಿದ್ದಿದರೂ ಎಂಜಿನ್ ಚಾಲೂ ಆಗುವುದಿಲ್ಲ.

ರೋಟರ್ ತೋರುವ ಕಡೆಯಲ್ಲಿ ಮೊದಲ ಪ್ಲಗ್ಗಿನ ತಂತಿಯನ್ನು ಸಿಕ್ಕಿಸಿ, ಅಲ್ಲಿಂದ ಅಪ್ರದಕ್ಷಿಣವಾಗಿ 1-3-4-2 ಕ್ರಮದಲ್ಲಿ ಉಳಿದವನ್ನು ಜೋಡಿಸಬೇಕು.

ಟೈಮಿಂಗ್ ಹೊಂದಿಸುವುದು

ಎಂಜಿನ್ ನಿಂತಿರುವಾಗ ಇದಕ್ಕೆ ಬೇಕಾಗುವುದು ಒಂದು 12 ವೋಲ್ಟ್ ಬಲ್ಬ್ ಮಾತ್ರ. ಕ್ರ್ಯಾಂಕ್ ಪುಲ್ಲಿಯ ಕಚ್ಚು ಟೈಮಿಂಗ್ ಕವರಿನ ಸೂಕ್ತ ಮುಳ್ಳಿಗೆ ನೇರವಾಗುವಂತೆ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ತಿರುಗಿಸಬೇಕು. ಗುರುತು ದಾಟಿತೆಂದು ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳ ನಡುವಿನ ಸಡಿಲ ಅಳತೆಯನ್ನು ಕೆಡಿಸುತ್ತದೆ. ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿನ ಕಡಿಮೆ ವೋಲ್ಟೇಜಿನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ ಇಗ್ನಿಷನ್ ಆನ್ ಮಾಡಿದಾಗ, ಪಾಯಿಂಟ್ ಮುಚ್ಚಿದ್ದರೆ ದೀಪ ಆರಿರುತ್ತದೆ, ತೆರೆದೊಡನೆ ಬೆಳಗುತ್ತದೆ. ಡಿಸ್ಟ್ರಿಬ್ಯೂಟರಿನ ಒಡಲನ್ನು ಅಪ್ರದಕ್ಷಿಣವಾಗಿ ಸರಿಸಿ ದೀಪ ಆರಿಸಿಕೊಂಡು, ಬಳಿಕ ಪ್ರದಕ್ಷಿಣವಾಗಿ ದೀಪ ಹೊತ್ತುವ ಬಿಂದುವಿನವರೆಗೆ ತಂದು ಕ್ಲ್ಯಾಂಪ್ ಬಿಗಿಯಬೇಕು. ಅಂತಿಮ ತಿದ್ದುಪಡಿಗೆ 25ಡಿ4 ಮಾದರಿಯಲ್ಲಿ ಸಣ್ಣ ತಿರುಪು ಇದೆ. ಅದರ 11 ಟಿಕ್‌ಗಳು ಕ್ರ್ಯಾಂಕ್‌ಶಾಫ್ಟ್‌ನ ಸುಮಾರು ಒಂದು ಡಿಗ್ರಿಗೆ ಸಮ.

ಸ್ಟ್ರೋಬ್ ದೀಪದಿಂದ ಪರೀಕ್ಷಿಸುವಾಗ ಎಂಜಿನ್ ಓಡುತ್ತಿರುತ್ತದೆ. ನಿರ್ವಾತ ಕೊಳವೆಯನ್ನು ಬಿಚ್ಚಿ ಅದರ ಬಾಯಿ ಮುಚ್ಚಬೇಕು. ಮಿನುಗುವ ಬೆಳಕಿನಲ್ಲಿ ಫ್ಯಾನ್ ನಿಂತಂತೆ ಕಾಣಬಹುದಾದ್ದರಿಂದ ಕೈ ಮತ್ತು ಬಟ್ಟೆಯ ಬಗ್ಗೆ ವಿಶೇಷ ಎಚ್ಚರ ಅಗತ್ಯ.

ಎಷ್ಟು ಡಿಗ್ರಿ ಎಂಬುದು ಸಂಕೋಚನ ಅನುಪಾತ ಮತ್ತು ಡಿಸ್ಟ್ರಿಬ್ಯೂಟರಿನ ಮಾದರಿಯನ್ನು ಅವಲಂಬಿಸಿದೆ. ಹೆಚ್ಚು ಸಂಕೋಚನದ ಆರಂಭಿಕ ಎಂಜಿಬಿಗೆ ನಿಂತ ಸ್ಥಿತಿಯಲ್ಲಿ 10 ಡಿಗ್ರಿ ಸೂಚಿಸಲಾಗಿತ್ತು. ಸರಣಿ ಒಂದೇ ಎಂಬ ಕಾರಣಕ್ಕೆ ಈ ಅಂಕಿಯನ್ನು ಅಂಬಾಸಿಡರ್‌ಗೆ ಅನ್ವಯಿಸುವುದು ಸರಿಯಲ್ಲ. ಆಯಾ ಕಾರಿನ ಕೈಪಿಡಿಯನ್ನೇ ನೋಡಬೇಕು. ಕೈಪಿಡಿಯ ಅಂಕಿಗಳೂ ಅಂದಿನ ಪೆಟ್ರೋಲಿಗೆ ಹೊಂದಿದವು. ಹೀಗಾಗಿ ರಸ್ತೆಯಲ್ಲಿ ಓಡಿಸಿ, ಟಾಪ್ ಗೇರಿನಲ್ಲಿ ಏರು ಹತ್ತುವಾಗ ಲೋಹದ ಸದ್ದು ಬಂದರೆ ಒಂದೆರಡು ಡಿಗ್ರಿ ಹಿಂದಕ್ಕೆ ತರುವುದು ವಾಡಿಕೆ. ಸ್ಟ್ರೋಬ್ ಬೆಳಕಿನಲ್ಲಿ ಗುರುತು ಸ್ಥಿರವಾಗಿ ನಿಲ್ಲದೆ ಅತ್ತಿತ್ತ ಓಲಾಡುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ದಂಡ ಅಥವಾ ಬುಷ್ ಸವೆದಿರುವ ಸಾಧ್ಯತೆಯಿದೆ. ಅಂಥ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್‌ಗಳ ಅಂತರವೇ ಪ್ರತಿ ಸಿಲಿಂಡರಿಗೂ ಬದಲಾಗುವುದರಿಂದ ಬುಷ್ ಬದಲಿಸದ ಹೊರತು ಟೈಮಿಂಗ್ ನಿಲ್ಲುವುದಿಲ್ಲ.