ಎರಡನೆಯ ಹೆಸರು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಧ್ಯಕ್ಷ ಚುನಾವಣೆಗೆ ಪ್ರತಿಯೊಂದು ಪಕ್ಷವೂ ಎರಡು ಹೆಸರುಗಳನ್ನು ಒಟ್ಟಿಗೆ ಮುಂದಿಡುತ್ತದೆ: ಒಂದು ಅಧ್ಯಕ್ಷ ಪದವಿಗೆ, ಇನ್ನೊಂದು ಉಪಾಧ್ಯಕ್ಷ ಪದವಿಗೆ. ಮತದಾರನು ಈ ಜೋಡಿಯನ್ನು ಬಿಡಿಸಿ ಮತ ನೀಡಲಾರನು. ನಮ್ಮ ದೇಶದಲ್ಲಿ ಕ್ರಮ ಬೇರೆ. ಉಪರಾಷ್ಟ್ರಪತಿಯನ್ನು ಸಂಸತ್ತಿನ ಉಭಯ ಸದನಗಳ ಸದಸ್ಯರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ; ರಾಷ್ಟ್ರಪತಿಯ ಸ್ಥಾನ ತೆರವಾದರೆ ಹೊಸಬರು ಬರುವವರೆಗೆ ಮಾತ್ರ ಅವರು ಆ ಹೊಣೆ ಹೊರುತ್ತಾರೆ. 1977ರಲ್ಲಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಕನ್ನಡಿಗರಾದ ಬಿ. ಡಿ. ಜತ್ತಿಯವರು ಹೀಗೆ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಅಮೆರಿಕದಲ್ಲಾದರೋ ಅಧ್ಯಕ್ಷನು ಮಡಿದರೆ ಉಪಾಧ್ಯಕ್ಷನೇ ಉಳಿದ ಅವಧಿಗೆಲ್ಲ ಪೂರ್ಣಾಧಿಕಾರದ ಅಧ್ಯಕ್ಷ. ಇದುವರೆಗೆ ಎಂಟು ಮಂದಿ ಅಧ್ಯಕ್ಷನ ಮರಣದಿಂದಲೂ ಒಬ್ಬರು ಅಧ್ಯಕ್ಷನ ರಾಜೀನಾಮೆಯಿಂದಲೂ ಹೀಗೆ ಆ ಪೀಠವನ್ನೇರಿದ್ದಾರೆ.

ಹಾಗಾದರೆ ಈ ಎರಡನೆಯ ಹೆಸರನ್ನು ಆರಿಸುವಾಗ ಆಡಳಿತದ ಅನುಭವವನ್ನೇ ಮೊದಲು ನೋಡುತ್ತಾರೆಂದು ನೀವು ಭಾವಿಸಬಹುದು. ವಾಸ್ತವವಾಗಿ ಮೊದಲು ನೋಡುವುದು ಮತಗಳ ಲೆಕ್ಕವನ್ನು. 2008ರಲ್ಲಿ 72 ವರ್ಷದ ಜಾನ್ ಮೆಕೇನ್ ಅವರು, ಅಲಾಸ್ಕ ರಾಜ್ಯದ ಗವರ್ನರ್ ಆಗಿ ಎರಡು ವರ್ಷವೂ ತುಂಬದಿದ್ದ ಸಾರಾ ಪೇಲಿನ್ ಅವರನ್ನು ಆರಿಸಿದರು. ಸಭೆಗಳಲ್ಲಿ ಜನ ಕಿಕ್ಕಿರಿದರು. ಆದರೆ ದೂರದರ್ಶನದ ಸಂದರ್ಶನಗಳ ಬಳಿಕ ಅವರ ಅನುಭವದ ಬಗೆಗೆ ಸಂಶಯಗಳು ಬೆಳೆದವು. ಆ ಜೋಡಿ ಸೋತಿತು. ಗೆದ್ದ ಜೋಡಿಯ ಗತಿಯೇನೆಂಬುದನ್ನು ತಿಳಿಯಲು ಇನ್ನೂ ಹಿಂದಕ್ಕೆ ಹೋಗಬೇಕು.

1880ರಲ್ಲಿ ಷಿಕಾಗೊ ನಗರದಲ್ಲಿ ರಿಪಬ್ಲಿಕನ್ ಪಕ್ಷದ ಅಧಿವೇಶನ ಸೇರಿತು. 36ನೆಯ ಸುತ್ತಿನ ಮತದಾನದಲ್ಲಿ ಜೇಮ್ಸ್ ಗಾರ್ಫೀಲ್ಡನು ಅಧ್ಯಕ್ಷ ಪದವಿಯ ಅಭ್ಯರ್ಥಿಯಾದನು. ಸೋತು ಮುನಿಸಿಕೊಂಡ ನ್ಯೂಯಾರ್ಕಿನ ಬಣವನ್ನು ಒಲಿಸಿಕೊಳ್ಳಲು ಆ ಬಣದವನೇ ಆದ ಚೆಸ್ಟರ್ ಆರ್ಥರನನ್ನು ಜೊತೆಗೆ ನಿಲ್ಲಿಸಿದರು. ಆರ್ಥರನು ವಕೀಲ, ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಮುಖ್ಯಾಧಿಕಾರಿಯಾಗಿದ್ದು 1878ರಲ್ಲಿ ಆ ಹುದ್ದೆಯಿಂದ ತೆಗೆದುಹಾಕಲ್ಪಟ್ಟವನು. ಜನರ ಮತದಿಂದ ಯಾವ ಅಧಿಕಾರವನ್ನೂ ಅದುವರೆಗೆ ಪಡೆದವನಲ್ಲ.

ಚುನಾವಣೆಯ ಲೆಕ್ಕಕ್ಕೆ ಈ ಆಯ್ಕೆ ತಪ್ಪಾಗಿತ್ತೆ? ಇಲ್ಲವೆಂದೇ ಹೇಳಬೇಕು. ಅಲ್ಲಿ ಗೆಲುವನ್ನು ನಿರ್ಣಯಿಸುವುದು ರಾಜ್ಯವಾರು ಚುನಾಯಕರ ಮತಗಳು. ಗಾರ್ಫೀಲ್ಡನಿಗೆ ಅಂತಹ 214 ಮತಗಳೂ ಎದುರಾಳಿಗೆ 155 ಮತಗಳೂ ಬಂದವು. ನ್ಯೂಯಾರ್ಕಿನ 35 ಮತಗಳು ಅತ್ತ ಸರಿದಿದ್ದರೆ 179ಕ್ಕೆ 190 ಆಗಿ ಗಾರ್ಫೀಲ್ಡನು ಸೋಲುತ್ತಿದ್ದನು.

ಆದರೆ 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ, ಸರ್ಕಾರಿ ಹುದ್ದೆ ದೊರೆಯದೆ ಹತಾಶನಾಗಿದ್ದ ಒಬ್ಬನು ಗಾರ್ಫೀಲ್ಡನಿಗೆ ಗುಂಡಿಕ್ಕಿದನು. ಸೆರೆಸಿಕ್ಕಾಗ, ಇನ್ನು ಆರ್ಥರನೇ ಅಧ್ಯಕ್ಷನೆಂದು ಸಾರಿದನು. ಜನರ ಸಂಶಯದ ದೃಷ್ಟಿ ಸಹಜವಾಗಿಯೇ ಆರ್ಥರನತ್ತ ಹೊರಳಿತು. ಗಾಯಾಳು ಅಧ್ಯಕ್ಷನು ಸುಮಾರು 80 ದಿನ ಹಾಸಿಗೆಯಲ್ಲಿ ನರಳಿದನು. ಅಷ್ಟು ದಿನವೂ ಆರ್ಥರನು ಅಧಿಕಾರಕ್ಕೆ ಕೈಚಾಚಲಿಲ್ಲ. ಸೆಪ್ಟೆಂಬರ್ 19ರ ರಾತ್ರಿ ಸಾವಿನ ಸುದ್ದಿ ಬಂದಾಗ, ಬೆಳಗಾಗುವ ಮೊದಲೇ ಆತನು ತನ್ನ ಮನೆಯಲ್ಲಿಯೇ ಪ್ರಮಾಣವಚನ ಸ್ವೀಕರಿಸಬೇಕಾಯಿತು.

ಮುಂದೆ ನಡೆದುದು ಯಾರೂ ಎಣಿಸದ ಸಂಗತಿ. ಪಕ್ಷದವರಿಗೆ ಸರ್ಕಾರಿ ಕೆಲಸ ಹಂಚುವ ಪದ್ಧತಿಯಲ್ಲಿಯೇ ಬೆಳೆದ ಆರ್ಥರನು, ಕೆಲವು ಹುದ್ದೆಗಳನ್ನು ಪರೀಕ್ಷೆಯ ಮೂಲಕವೇ ತುಂಬಬೇಕೆಂಬ ಕಾಯಿದೆಗೆ 1883ರಲ್ಲಿ ಸಹಿ ಹಾಕಿದನು. ಇದಕ್ಕಾಗಿ ಆತನನ್ನು ಆರಿಸಿದವರನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಅವರು ಬಯಸಿದ್ದುದು ನ್ಯೂಯಾರ್ಕಿನ ಮತಗಳನ್ನು. ಉಳಿದುದು ಆ ದೇಶದ ಅದೃಷ್ಟ. ಹಳೆಯ ಸಂಗಾತಿಗಳು ಆತನಿಂದ ದೂರ ಸರಿದರು. 1884ರಲ್ಲಿ ಪಕ್ಷವು ಆತನನ್ನು ಬಿಟ್ಟು ಜೇಮ್ಸ್ ಬ್ಲೇನನನ್ನು ಅಭ್ಯರ್ಥಿಯಾಗಿ ಆರಿಸಿತು.