ಹೆಸರು ಹೇಳಿದರೂ ಸಿಗದ ಪ್ರಿಂಟರ್

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ‘ಶಿಮೊಗಾ’ ಹೋಗಿ ‘ಶಿವಮೊಗ್ಗ’ ಬಂತು. ಕನ್ನಡದ ಬಾಯಲ್ಲಿ ಊರು ಎಂದೂ ಶಿವಮೊಗ್ಗವೇ ಆಗಿದ್ದುದರಿಂದ ಮನೆಮಾತಿಗೆ ಇದರಿಂದ ವ್ಯತ್ಯಾಸವೇನೂ ಆಗಲಿಲ್ಲ. ಫಲಕಗಳು ಬದಲಾದವು, ಅಷ್ಟೆ. ಅಂಚೆಯ ಪಿನ್ 577201, ದೂರವಾಣಿಯ 08182, ವಾಹನಗಳ ಕೆಎ 14 ಎಲ್ಲವೂ ಇದ್ದ ಹಾಗೇ ಇದ್ದವು. ಹೊಸ ಹೆಸರು ಬರೆದರೂ, ಹಳೆಯದನ್ನು ಬರೆದರೂ ಪತ್ರ ತಲುಪುತ್ತಿತ್ತು.

ಪಕ್ಕದ ಭದ್ರಾವತಿಯದು ಇನ್ನೂ ಹಳೆಯ ಕಥೆ. ಒಂದು ಕಾಲದ ಬೆಂಕಿಪುರ ಮುಂದೆ ಭದ್ರಾ ನದಿಯ ಹೆಸರು ಹೊತ್ತಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯೂ ಹಲವು ಹೆಸರು ಕಂಡು ಕೊನೆಗೆ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ನಿಂತಿತು. ಹಳೆಯ ಕಡತದಲ್ಲಿ ‘ಬೆಂಕಿಪುರ’ ಎಂದು ಓದಿದವನಿಗೆ ಅದು ಇದೇ ಊರು ಎಂದು ಹೇಳುವವರೊಬ್ಬರು ಬೇಕು.

ಊರುಗಳ ವಿಷಯದಲ್ಲಿ ಹೆಸರು ಬದಲಾಗಿ ಸಂಖ್ಯೆ ಉಳಿಯುತ್ತದೆ. ಮನೆಯ ಕಂಪ್ಯೂಟರ್ ಜಾಲದಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು: ಹೆಸರು ಹಾಗೇ ಇರುತ್ತದೆ, ಅದರ ಹಿಂದಿನ ಸಂಖ್ಯೆ ಸದ್ದಿಲ್ಲದೆ ಬದಲಾಗುತ್ತದೆ. ಅರ್ಜಿ ಸಲ್ಲಿಸಲು ಕೊನೆಯ ದಿನ, ಪ್ರವೇಶಪತ್ರ ಮುದ್ರಿಸಬೇಕು. ಎರಡು ಮಾರು ದೂರದಲ್ಲಿ ದೀಪ ಉರಿಸಿಕೊಂಡು ಕುಳಿತ ಪ್ರಿಂಟರ್ ‘ಸಿಗುತ್ತಿಲ್ಲ’ ಎನ್ನುತ್ತದೆ ಕಂಪ್ಯೂಟರ್. ಪ್ರಿಂಟರ್ ಕೆಟ್ಟಿತೆಂದು ರಿಪೇರಿಗೆ ಹೊತ್ತೊಯ್ದವರೂ ಇದ್ದಾರು.

ಯಂತ್ರಗಳಿಗೆ ಹೆಸರು ಬೇಕಿಲ್ಲ. ಅವು ಮಾತಾಡುವುದು 192.168.1.5ರಂಥ ಅಂಕಿಗಳಲ್ಲಿ. ಹೆಸರು ಇರುವುದು ಮನುಷ್ಯರ ಅನುಕೂಲಕ್ಕೆ. ಅಂತರ್ಜಾಲದ ಮೂಲವಾದ ಅಮೆರಿಕದ ಅರ್ಪಾನೆಟ್‌ನಲ್ಲಿ ಈ ಹೆಸರು-ಸಂಖ್ಯೆಗಳ ಒಂದೇ ಒಂದು ಪಟ್ಟಿ ಇತ್ತು. ಎಲಿಜಬೆತ್ ಫೈನ್ಲರ್ ಅವರ ತಂಡ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದವರು ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಪಟ್ಟಿ ನಿಭಾಯಿಸುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಆ ಹೊರೆಯನ್ನು ಹಂಚಿತು: ಆಯಾ ವಿಭಾಗದ ಹೆಸರುಗಳ ಲೆಕ್ಕ ಆಯಾ ವಿಭಾಗದವರದೇ.

ಆದರೆ ಮನೆಯ ಮೂಲೆಯ ಪ್ರಿಂಟರ್ ಆ ಜಗತ್ತಿನ ಲೆಕ್ಕದಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಅದಕ್ಕೆಂದು ಇರುವ ಏರ್ಪಾಡು ಬೇರೆ. ‘ಲೋಕಲ್’ ಎಂದು ಕೊನೆಗೊಳ್ಳುವ ಹೆಸರು ಬೇಕಾದಾಗ ಕಂಪ್ಯೂಟರ್ ಮನೆಯ ಜಾಲಕ್ಕೆಲ್ಲ ಕೇಳುವಂತೆ ಕೂಗುತ್ತದೆ. ಆ ಹೆಸರಿನದು ಓಗೊಟ್ಟು ತನ್ನ ಸಂಖ್ಯೆ ಹೇಳುತ್ತದೆ. ವಠಾರದ ಬಾಗಿಲಲ್ಲಿ ಅಂಚೆಯವನು ಹೆಸರು ಕೂಗಿದ ಹಾಗೆ. 2013ರಲ್ಲಿ ಇದು ಅಂತರ್ಜಾಲದ ಲಿಖಿತ ಮಾನದಂಡವೂ ಆಯಿತು.

ಮಲೆನಾಡಿನಲ್ಲಿ ಇದು ತಪ್ಪುವುದಕ್ಕೆ ಎರಡು ಕಾರಣ ಕೈಗೆಟಕುವಷ್ಟು ಹತ್ತಿರ ಇವೆ. ಮೊದಲನೆಯದು ಮಳೆಗಾಲ. ಕರೆಂಟ್ ಹೋಗಿ ಬಂದಾಗ ಮನೆಯ ರೂಟರ್ ಹೊಸದಾಗಿ ಎದ್ದು ಸಂಖ್ಯೆ ಹಂಚಲು ಕೂರುತ್ತದೆ. ಹಿಂದಿನ ಹಂಚಿಕೆಯನ್ನು ಮರೆಯುವ ರೂಟರುಗಳೂ ಇವೆ. ನಿನ್ನೆ ಪ್ರಿಂಟರಿಗೆ ಹೋಗಿದ್ದ ಸಂಖ್ಯೆ ಇಂದು ಮೊಬೈಲಿನ ಪಾಲಾಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ಸಂಖ್ಯೆಯನ್ನೇ ನೆನಪಿಟ್ಟುಕೊಂಡು ತಪ್ಪು ಬಾಗಿಲು ತಟ್ಟುತ್ತದೆ.

ಎರಡನೆಯದು ಮನೆಯ ಕಟ್ಟಡವೇ. ದಪ್ಪ ಗೋಡೆಯ ಉದ್ದನೆಯ ಮನೆಯಲ್ಲಿ ವೈಫೈ ಹಿಂದಿನ ಕೋಣೆಗೆ ಮುಟ್ಟುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಕೂರಿಸುತ್ತಾರೆ. ಅದು ತನ್ನದೇ ಬೇರೆ ಜಾಲ ಹೂಡುತ್ತದೆ. ಮುಂದಿನ ಕೋಣೆಯ ಕೂಗು ಹಿಂದಿನ ಕೋಣೆಗೆ ಕೇಳದು. ಎರಡೂ ಕಡೆ ಇಂಟರ್ನೆಟ್ ಸರಾಗವಾಗಿ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ! ಅತಿಥಿಗಳಿಗೆಂದು ಇಟ್ಟ ವೈಫೈಗೆ ಸೇರಿಕೊಂಡಿದ್ದರೂ ಇದೇ ಗತಿ. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ಬದಲಿಸಿದರೆ ಮನೆ ಮತ್ತೆ ಒಂದಾಗುತ್ತದೆ.

ದೋಷ ಎಲ್ಲಿದೆ ಎಂದು ಹುಡುಕಲು ಒಂದು ಸರಳ ಪರೀಕ್ಷೆ ಇದೆ. ಪ್ರಿಂಟರಿನ ಪರದೆಯಲ್ಲೋ ರೂಟರಿನ ಪಟ್ಟಿಯಲ್ಲೋ ಅದರ ಈಗಿನ ಸಂಖ್ಯೆ ನೋಡಿಕೊಂಡು, ಕಂಪ್ಯೂಟರಿನಿಂದ ‘ಪಿಂಗ್’ ಆಜ್ಞೆ ಕೊಟ್ಟು ಆ ಸಂಖ್ಯೆಯನ್ನು ಕರೆಯಬೇಕು. ಉತ್ತರ ಬಂದರೆ ದಾರಿ ಸರಿಯಿದೆ, ತಪ್ಪಿರುವುದು ಹೆಸರಿನಲ್ಲಿ ಅಥವಾ ಹಳೆಯ ನೆನಪಿನಲ್ಲಿ; ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಬಹುಪಾಲು ನೆನಪು ಅಳಿಯುತ್ತದೆ. ಉತ್ತರ ಬಾರದಿದ್ದರೆ ಹೆಸರನ್ನು ಕೆದಕುವುದು ವ್ಯರ್ಥ, ಮೊದಲು ತಂತಿ, ವೈಫೈ, ಎರಡನೆಯ ರೂಟರ್ ನೋಡಬೇಕು. ಒಂದೇ ಹೆಸರಿನ ಎರಡು ಯಂತ್ರಗಳಿದ್ದರೂ ಗೊಂದಲ ತಪ್ಪಿದ್ದಲ್ಲ.

ಶಾಶ್ವತ ಪರಿಹಾರವೂ ದುಬಾರಿಯದಲ್ಲ. ಪ್ರಿಂಟರಿಗೆ ಒಂದು ಸಂಖ್ಯೆಯನ್ನು ಕಾಯ್ದಿರಿಸುವ ಸೌಲಭ್ಯ ಬಹಳಷ್ಟು ರೂಟರುಗಳಲ್ಲೇ ಇದೆ. ಹಾಗೆ ಕಾಯ್ದಿರಿಸಿದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪ್ರಿಂಟರಿನ ಬೆನ್ನಿಗೆ ಅಂಟಿಸಿಟ್ಟರೆ, ಆಷಾಢದ ಮಳೆಗೆ ಎಷ್ಟು ಸಲ ಕರೆಂಟ್ ಹೋದರೂ ಹುಡುಕಾಟ ತಪ್ಪುತ್ತದೆ.