ಹೊಸ ಹಾವು ಮನೆಗೆ ಬಂತು, ಮುಟ್ಟೋದು ಯಾವಾಗ?

ಗಚ್ಚಿಬೌಲಿ, ಕೊಂಡಾಪುರ ಕಡೆ ಇರೋ ನಮ್ಮ ಹುಡುಗರಲ್ಲಿ ಹಾವು ಸಾಕೋ ಆಸೆ ಇರೋರು ಸುಮಾರು ಜನ ಸಿಗ್ತಾರೆ. ಅವರ ಗೋಳು ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಬಾಲ್ ಪೈಥಾನ್ ತಂದೆ. ಮುಟ್ಟಿದ್ರೆ ಉಂಡೆ ಆಗಿ ಕೂರತ್ತೆ, ಏನೂ ತಿಂತಿಲ್ಲ. ಏನ್ ಮಾಡ್ಲಿ?" ನಾನು ಹೇಳೋದು: ಸದ್ಯಕ್ಕೆ ಏನೂ ಮಾಡ್ಬೇಡಿ. ಯಾಕೆ ಅಂತ ಇವತ್ತು ನೋಡೋಣ.

ಅದಕ್ಕೂ ಮೊದಲು ಕಾನೂನು. ನಾಗರಹಾವು, ಕೇರೆ, ಹೆಬ್ಬಾವು, ಎರಡು ತಲೆ ಹಾವು ಅಂತ ಕರೆಯೋ ಮಣ್ಣುಮುಕ್ಕ, ಇಂಥ ನಮ್ಮ ನೆಲದ ಹಾವುಗಳನ್ನ ಹಿಡಿದು ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಹೆಬ್ಬಾವಿನಂಥ ಮೊದಲನೇ ಅನುಸೂಚಿಯ ಪ್ರಾಣಿ ಹಿಡಿದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಫ್ಲ್ಯಾಟ್‌ನ ಪಾರ್ಕಿಂಗ್‌ನಲ್ಲಿ ಹಾವು ಕಂಡ್ರೆ ಮುಟ್ಟದೆ ಅರಣ್ಯ ಇಲಾಖೆಗೋ, 1995ರಿಂದ ಹೈದರಾಬಾದಿನಲ್ಲಿ ಹಾವು ರಕ್ಷಣೆ ಮಾಡ್ತಿರೋ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಗೋ ತಿಳಿಸಿ. ಬಾಲ್ ಪೈಥಾನ್ ಆಫ್ರಿಕಾದ್ದು. ಅದನ್ನ ಇಟ್ಕೋಬಹುದು, ಆದ್ರೆ 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆಯವರಿಗೆ ಕೊಟ್ರೂ, ಅದು ಸತ್ರೂ ತಿಳಿಸಬೇಕು. ಕಾಗದ ಕೊಡದ ಮಾರಾಟಗಾರ ಎಷ್ಟೇ ಕಡಿಮೆ ರೇಟ್ ಹೇಳಿದ್ರೂ ತೊಗೋಬೇಡಿ.

ಈಗ ಹಾವಿನ ಕಡೆಯಿಂದ ಯೋಚನೆ ಮಾಡಿ. ಆಫ್ರಿಕಾದಲ್ಲಿ ಇದರ ಮನೆ ಇಲಿ ಬಿಲ, ಗೆದ್ದಲ ಹುತ್ತ. ಹುತ್ತಕ್ಕೂ ಹಾವಿಗೂ ಇರೋ ನಂಟು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕತ್ತಲು, ಇಕ್ಕಟ್ಟು, ಮೈಗೆ ಎಲ್ಲಾ ಕಡೆಯಿಂದ ಗೋಡೆ ತಾಗ್ತಿರಬೇಕು. ಆಗಲೇ ಅದಕ್ಕೆ ಧೈರ್ಯ. ಡಬ್ಬದಲ್ಲಿ ಪ್ರಯಾಣ ಮಾಡಿ, ವಾಸನೆ ಗೊತ್ತಿಲ್ಲದ ಜಾಗಕ್ಕೆ ಬಂದ ಹಾವಿಗೆ ಮೇಲಿಂದ ಇಳಿಯೋ ನಿಮ್ಮ ಕೈ ಹದ್ದಿನ ಕಾಲಿನ ಹಾಗೆ. ಅದಕ್ಕೇ ತಲೆ ಒಳಗಿಟ್ಟು ಉಂಡೆ ಆಗತ್ತೆ. ಹೆದರಿದ ಹಾವು ತಿನ್ನಲ್ಲ. ತಿನ್ನಲಿಲ್ಲ ಅಂತ ನಾವು ಎತ್ತಿ ಎತ್ತಿ ನೋಡ್ತೀವಿ. ಅದು ಇನ್ನೂ ಹೆದರತ್ತೆ. ಈ ಲೂಪ್ ಮುರಿಯೋದು ನಮ್ಮ ಕೈಯಲ್ಲೇ ಇದೆ.

ಹಾವು ಬರೋ ಮೊದಲೇ ಪೆಟ್ಟಿಗೆ ರೆಡಿ ಇರಲಿ. ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 25-27. ಹೀಟ್ ಮ್ಯಾಟ್ ಹಾಕಿದ್ರೆ ಥರ್ಮೋಸ್ಟಾಟ್ ಬೇಕೇ ಬೇಕು, ಇಲ್ಲದಿದ್ರೆ ಹಾವಿನ ಹೊಟ್ಟೆ ಸುಡತ್ತೆ. ಎರಡೂ ಬದಿಗೆ ಒಂದೊಂದು ಅಡಗುತಾಣ, ಅದು ಸುತ್ತಿ ಕೂತ್ರೆ ಸರಿಯಾಗಿ ತುಂಬೋ ಅಳತೆಯದು. ಒಂದೇ ಇಟ್ರೆ ಬೆಚ್ಚಗಿರೋದಾ, ಬಚ್ಚಿಟ್ಕೊಳ್ಳೋದಾ ಅಂತ ಅದು ಆರಿಸಬೇಕಾಗತ್ತೆ. ತೇವಾಂಶ ಶೇಕಡಾ 60ರ ಆಸುಪಾಸು, ಒಂದು ಬಟ್ಟಲು ನೀರು, ಚಿಲಕ ಇರೋ ಮುಚ್ಚಳ. ಹಾಲು ಬೇಡ, ಅದು ಹಾವಿನ ಆಹಾರ ಅಲ್ಲ.

ಹೈದರಾಬಾದಿನ ಮೇ ತಿಂಗಳು ಬೇರೆಯೇ ಕಥೆ. ಹೊರಗೆ 40 ದಾಟಿದಾಗ ಬಿಸಿ ಮಾಡೋ ಚಿಂತೆ ಇಲ್ಲ, ತಂಪು ಮಾಡೋದೇ ಚಿಂತೆ. ಎಸಿ ಹಾಕಿದ್ರೆ ಗಾಳಿ ಒಣಗತ್ತೆ, ಆಗ ಪೊರೆ ಚೂರುಚೂರಾಗಿ ಅಂಟಿಕೊಳ್ಳತ್ತೆ. ಒದ್ದೆ ಪಾಚಿ ತುಂಬಿದ ಡಬ್ಬಿ ಒಳಗಿಡಿ. ಕರೆಂಟ್ ಹೋದ್ರೆ ಮನೆಯಲ್ಲಿ ಯಾವ ರೂಮು ತಂಪಾಗಿರತ್ತೆ ಅಂತ ಮೊದಲೇ ನೋಡಿಟ್ಕೊಳ್ಳಿ.

ಹಾವು ಒಳಗೆ ಬಿಟ್ಟ ಮೇಲೆ ಮೊದಲ ಒಂದು ವಾರ ನೀರು ಬದಲಿಸಿ, ಹೊಲಸು ತೆಗೆಯಿರಿ, ಅಷ್ಟೇ. ಅದಕ್ಕೆ ಹೊರಕಿವಿ ಇಲ್ಲ, ಆದ್ರೆ ನೆಲದ ಅದುರು ಚೆನ್ನಾಗಿ ಗೊತ್ತಾಗತ್ತೆ. ಸಬ್‌ವೂಫರ್ ಪಕ್ಕ ಪೆಟ್ಟಿಗೆ ಇಡ್ಬೇಡಿ. ವಾರ ಕಳೆದ ಮೇಲೆ ಒಂದು ಸಂಜೆ ಬೆಚ್ಚಗೆ ಮಾಡಿದ ಸತ್ತ ಇಲಿ ಕೊಡಿ. ಜೀವಂತ ಇಲಿ ಹಾವನ್ನೇ ಕಚ್ಚಬಹುದು. ತಿನ್ನಲಿಲ್ವಾ? ತೆಗೆದುಬಿಡಿ, ಇನ್ನೊಂದು ವಾರ ಬಿಟ್ಟು ನೋಡಿ. ಆರೋಗ್ಯವಾಗಿರೋ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇರಬಲ್ಲದು. ಆದ್ರೆ ತೂಕ ಇಳೀತಿದ್ರೆ, ಬಾಯಲ್ಲಿ ನೊರೆ ಬಂದ್ರೆ, ಉಸಿರಾಟದಲ್ಲಿ ಸದ್ದು ಬಂದ್ರೆ ಕಾಯಬೇಡಿ, ಸರೀಸೃಪ ನೋಡೋ ಪಶುವೈದ್ಯರ ಹತ್ರ ಹೋಗಿ. ಅಂಥವರು ಯಾರು ಅಂತ ಹಾವು ತರೋ ಮೊದಲೇ ಹುಡುಕಿಟ್ಟಿರಿ.

ಎರಡು ಮೂರು ಸಲ ಸಲೀಸಾಗಿ ತಿಂದ ಮೇಲೆ ಕೈಗೆ ತೊಗೋಬಹುದು. ತಿಂದು 48 ಗಂಟೆ ಆಗಿರಬೇಕು, ಇಲ್ಲದಿದ್ರೆ ಕಕ್ಕಿಬಿಡತ್ತೆ. ಕೈ ತೊಳ್ಕೊಂಡು, ಪಕ್ಕದಿಂದ ಕೈ ಹಾಕಿ, ಮೈಯ ನಡುಭಾಗಕ್ಕೆ ಕೆಳಗಿಂದ ಆಸರೆ ಕೊಡಿ. ಮೊದಲ ದಿನ ಐದು ನಿಮಿಷ ಸಾಕು. ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿದ್ರೆ ಪೊರೆ ಬಿಡೋ ಹೊತ್ತು, ಆಗ ಮುಟ್ಬೇಡಿ. ಕತ್ತು ಎಸ್ ಆಕಾರಕ್ಕೆ ಮಡಚಿ ಬುಸ್ ಅಂದ್ರೆ ಅವತ್ತಿಗೆ ಅಲ್ಲಿಗೇ ಬಿಡಿ. ವಾಪಸ್ ಇಟ್ಟ ಮೇಲೂ ಸೋಪ್ ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಬರಬಹುದು. ವೀಕೆಂಡ್‌ಗೆ ಬಂದ ಗೆಳೆಯರ ಕತ್ತಿಗೆ ಹಾಕಿ ಫೋಟೋ ತೆಗೆಯೋ ಕೆಲಸ ಅಂತೂ ಬೇಡವೇ ಬೇಡ.

ಕೊನೆಯದಾಗಿ, ಇದು 20-30 ವರ್ಷ ಬದುಕೋ ಜೀವ. ನಮ್ಮದು ಬಾಡಿಗೆ ಮನೆ, ನಾಳೆ ಬೆಂಗಳೂರಿಗೆ ಟ್ರಾನ್ಸ್‌ಫರ್, ನಾಡಿದ್ದು ಆನ್‌ಸೈಟ್. ಆಗ ಬೇಸರ ಆಯ್ತು ಅಂತ ಕೆರೆ ದಂಡೆಯಲ್ಲಿ ಬಿಟ್ಟು ಬರೋ ಹಾಗಿಲ್ಲ. ಇಲ್ಲಿನ ಕಾಡು ಅದರದ್ದಲ್ಲ. ಮನೆ ಓನರ್ ಒಪ್ತಾರಾ, ನೀವಿಲ್ಲದಾಗ ನೋಡ್ಕೊಳ್ಳೋರು ಯಾರು ಅನ್ನೋದಕ್ಕೆ ಉತ್ತರ ಸಿಕ್ಕಿದ ಮೇಲೇ ತನ್ನಿ. ಸಿಗದಿದ್ರೆ ನೆಹರೂ ಜೂಗೆ ಹೋಗಿ ನೋಡಿ ಬನ್ನಿ, ಅದೂ ಖುಷಿನೇ. ಮುಂದಿನ ಮಾತಲ್ಲಿ ಸಿಗೋಣ.